ಸೀರೆ ಸೆರಗಿಗೆ ಮನೆಯಲ್ಲೇ ಕುಚ್ಚು ಕಟ್ಟುವುದು: ತುದಿ ಮಡಿಸುವುದರಿಂದ ಕೊನೆಯ ಕತ್ತರಿವರೆಗೆ

ಚಿಂತಾಮಣಿಯ ನಮ್ಮ ಮನೆಗೆ ಸೀರೆ ಹಿಡಿದು ಬರುವವರ ದೂರು ಮೂರೇ ಮೂರು. ಎರಡು ಸಲ ಉಟ್ಟ ಮೇಲೆ ಕುಚ್ಚು ಉದುರಿತು, ಕುಚ್ಚಿನ ಭಾರಕ್ಕೆ ಸೆರಗು ಹರಿಯಿತು, ಒಂದು ಕುಚ್ಚು ದಪ್ಪ ಇನ್ನೊಂದು ಇಲಿಬಾಲ. ಎಲ್ಲರೂ ಕೇಳುವುದು ಮಾತ್ರ ಒಂದೇ: "ಅಕ್ಕ, ಗಂಟು ಹಾಕೋದು ಹೇಳ್ಕೊಡಿ." ಗಂಟು ಏಳನೇ ಹಂತ. ಕೆಟ್ಟದ್ದೆಲ್ಲ ಅದಕ್ಕೂ ಮುಂಚಿನ ಆರರಲ್ಲಿ ಕೆಟ್ಟಿರುತ್ತದೆ. ಹಾಗಾಗಿ ಇಲ್ಲಿರುವ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಇಲ್ಲಿ ಹೇಳುತ್ತಿರುವುದು ಹೊರಗಿನ ದಾರ ಪೋಣಿಸಿ ಕಟ್ಟುವ ಸಾದಾ ಕುಚ್ಚು. ಕ್ರೋಶಾ ಕುಚ್ಚು, ಮಣಿ ಕುಚ್ಚು ಇದು ಕೈಗೆ ಕೂತ ಮೇಲಿನ ಮಾತು.

## ಮೊದಲು ಎದುರಿಗೆ ಇಟ್ಟುಕೊಳ್ಳಬೇಕಾದ್ದು

ಕುಚ್ಚಿನ ದಾರ, ಕುಚ್ಚಿನ ಕುತ್ತಿಗೆ ಸುತ್ತಿ ಕಟ್ಟಲು ಜರಿ ದಾರ, ಸೀರೆ ಬಣ್ಣದ ಹೊಲಿಗೆ ದಾರ, ಗಟ್ಟಿ ಬಿಳಿ ಹತ್ತಿ ದಾರ, ಒಂದು ಸಣ್ಣ ಸೂಜಿ, ಒಂದು ಮಧ್ಯಮ ಸೂಜಿ, ಗುಂಡುತಲೆಯ ಗುಂಡುಪಿನ್ನು, ಅಳತೆ ಟೇಪು, ಹಳೆ ದಿನಪತ್ರಿಕೆ, ಹಲ್ಲು ಒತ್ತಾಗಿರುವ ಬಾಚಣಿಗೆ, ಇಸ್ತ್ರಿ ಪೆಟ್ಟಿಗೆ, ಬಿಳಿ ಹತ್ತಿ ಬಟ್ಟೆ. ಕತ್ತರಿ ಎರಡು ಬೇಕು. ಕಾಗದ ಕತ್ತರಿಸಿದ ಕತ್ತರಿಯನ್ನು ಕುಚ್ಚಿಗೆ ತಾಗಿಸಬಾರದು, ಅದು ದಾರವನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ.

ಒಂದು ಗಟ್ಟಿ ದಿಂಬೂ ಬೇಕು. ಸೆರಗನ್ನು ದಿಂಬಿನ ಮೇಲೆ ಹಾಸಿ ಪಿನ್ನು ಚುಚ್ಚಿ, ದಿಂಬನ್ನು ತೊಡೆಯ ಮೇಲಿಟ್ಟುಕೊಂಡರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಉಳಿದ ಸೀರೆಯನ್ನು ಹಳೆ ಪಂಚೆಯಲ್ಲಿ ಸುತ್ತಿಡಿ. ನೆಲಕ್ಕೆ ಬಿಟ್ಟರೆ ಮಗುವೋ ಬೆಕ್ಕೋ ಮೊದಲು ಬರುವುದು ಅಲ್ಲಿಗೇ.

## ಹಂತ 1: ಯಾವ ತುದಿ, ಯಾವ ಮುಖ

ನಗಬೇಡಿ, ರವಿಕೆ ಬಟ್ಟೆಯ ತುದಿಗೆ 20 ಕುಚ್ಚು ಕಟ್ಟಿ ಬಂದವರನ್ನು ನೋಡಿದ್ದೇನೆ. ಸೀರೆ ಪೂರ್ತಿ ಬಿಚ್ಚಿ, ರವಿಕೆ ತುಂಡು ಯಾವ ಕಡೆ ಇದೆ ನೋಡಿ, ಸೆರಗಿನ ತುದಿಗೆ ಒಂದು ಪಿನ್ನು ಚುಚ್ಚಿ.

ಆಮೇಲೆ ಮುಖ. ಜರಿ ಇರುವ ಸೆರಗಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಬಿಡಿ ಎಳೆಗಳು ಕಾಣುತ್ತವೆ, ಇಲ್ಲವೇ ಬಣ್ಣ ಮಂಕಾಗಿರುತ್ತದೆ. ಗಂಟಿನ ಚೆಂದದ ಮುಖ ಮೇಲ್ಬದಿಗೆ ಬರಬೇಕು. ಬೆಳಕು ಸರಿಯಿಲ್ಲದ ಸಂಜೆ ಈ ಕೆಲಸ ಶುರುಮಾಡಬೇಡಿ.

ಫಾಲ್, ಜಿಗ್‌ಜಾಗ್ ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಿ. ಕುಚ್ಚು ಕಟ್ಟಿದ ಸೀರೆಯನ್ನು ಮಿಷನ್‌ಗೆ ಕೊಟ್ಟರೆ ಮೂಲೆಯ ಕುಚ್ಚು ಮಿಷನ್ ಸೂಜಿಯಡಿ ಸಿಕ್ಕಿಕೊಳ್ಳುತ್ತದೆ.

## ಹಂತ 2: ತುದಿ ಭದ್ರ ಮಾಡುವುದು

ಸೆರಗು ಹರಿಯುವುದಕ್ಕೆ ಕಾರಣ ಇಲ್ಲಿದೆ. ಮಗ್ಗದಿಂದ ಬಂದ ರೇಷ್ಮೆ ಸೀರೆಯ ಸೆರಗಿನಾಚೆ ನೇಯದೆ ಬಿಟ್ಟ ಹಾಸಿನ (ಉದ್ದದ) ಎಳೆಗಳು ಕೆಲವು ಇಂಚು ಜೋತಾಡುತ್ತಿರುತ್ತವೆ. ಅವನ್ನು ನೋಡಿದ ಕೂಡಲೇ ಕತ್ತರಿ ಕೈಗೆ ಬರುತ್ತದೆ. ಕತ್ತರಿಸಿದರೆ ಕೊನೆಯ ಹೊಕ್ಕಿನ (ಅಡ್ಡದ) ಎಳೆಗೆ ಹಿಡಿತ ತಪ್ಪಿ ಜಾರುತ್ತದೆ, ಅದರ ಹಿಂದೆ ಮುಂದಿನದು. ಅರ್ಧ ಗಂಟೆಯಲ್ಲಿ ಕಾಲಿಂಚು ಜರಿ ಬಿಚ್ಚಿ ಕೈಗೆ ಬಂದಿರುತ್ತದೆ.

ಸರಿಯಾದ ದಾರಿ: ಮೊದಲು ನೇಯ್ಗೆ ಮುಗಿಯುವ ಸಾಲಿನ ಒಳಗೇ, ಸೀರೆ ಬಣ್ಣದ ಒಂಟಿ ದಾರದಲ್ಲಿ ಸಣ್ಣ ಕಚ್ಚಾ ಹೊಲಿಗೆ ಒಂದು ಸಾಲು ಹಾಕಿ. ಆಮೇಲೆ ಜೋತಾಡುವ ಎಳೆ ಕತ್ತರಿಸಿ. ಆಮೇಲೆ ತುದಿಯನ್ನು ಹಿಂಬದಿಗೆ ಕಾಲಿಂಚಿನಂತೆ ಎರಡು ಸಲ ಮಡಿಸಿ ಕೈಯಲ್ಲೇ ಹೆಮ್ಮಿಂಗ್ ಮಾಡಿ. ಮಡಿಕೆಯಲ್ಲಿ ಈಗ ಮೂರು ಪದರ ಬಟ್ಟೆ. ಕುಚ್ಚಿನ ಭಾರ ಹೊರುವುದು ಈ ಮೂರು ಪದರ.

ಸೆರಗಿನ ತುದಿಗೆ ಬರೀ ಜಿಗ್‌ಜಾಗ್ ಸಾಕಲ್ಲವೇ ಎಂದು ಕೇಳುತ್ತಾರೆ. ಗಟ್ಟಿ ಹತ್ತಿ ಸೀರೆಗೆ ನಡೆಯುತ್ತದೆ. ತೆಳು ರೇಷ್ಮೆಗೆ, ಕ್ರೇಪ್‌ಗೆ ನಾನು ಒಪ್ಪುವುದಿಲ್ಲ, ಒಂದೇ ಪದರಕ್ಕೆ ಅಷ್ಟು ತೂತು, ಅದರ ಮೇಲೆ ಕುಚ್ಚಿನ ಎಳೆತ.

ಎಚ್ಚರಿಕೆಯ ಗುರುತು: ಹೆಮ್ಮಿಂಗ್ ಆದ ಮೇಲೆ ತುದಿಯನ್ನು ಮೇಜಿನ ಮೇಲೆ ಹಾಸಿ. ಅಲೆಅಲೆಯಾಗಿ ಎದ್ದು ನಿಂತರೆ ದಾರ ಬಿಗಿಯಾಗಿದೆ. ಬಿಚ್ಚಿ ಮತ್ತೆ ಹಾಕಿ. ಕುಚ್ಚು ಬಂದ ಮೇಲೆ ಆ ಅಲೆ ಹೋಗುವುದಿಲ್ಲ, ಇನ್ನಷ್ಟು ಕಾಣುತ್ತದೆ.

## ಹಂತ 3: ಲೆಕ್ಕ ಮತ್ತು ಗುರುತು

ಸೀರೆಯ ಅಗಲ ಅಳೆಯಿರಿ. ನನ್ನ ಕೈಗೆ ಬರುವ ಸೀರೆಗಳು 44ರಿಂದ 48 ಇಂಚಿನೊಳಗೆ ಇರುತ್ತವೆ. 46 ಇಂಚು ಎಂದುಕೊಳ್ಳೋಣ. ಎರಡೂ ಬದಿಗೆ ಅರ್ಧರ್ಧ ಇಂಚು ಬಿಟ್ಟರೆ 45. ಇಂಚಿಗೊಂದು ಕುಚ್ಚು ಎಂದರೆ 45 ಸಂದು, 46 ಕುಚ್ಚು. ಸಂದಿಗಿಂತ ಕುಚ್ಚು ಒಂದು ಜಾಸ್ತಿ, ಇದನ್ನು ಮರೆತವರ ಕೊನೆಯ ಕುಚ್ಚಿಗೆ ದಾರ ಸಾಲುವುದಿಲ್ಲ.

ಅಗಲ ಸರಿಯಾಗಿ ಇಂಚಿಗೆ ಕೂರದಿದ್ದರೆ ಕೊನೆಯಲ್ಲಿ ಮುಕ್ಕಾಲು ಇಂಚೋ ಒಂದೂಕಾಲೋ ಉಳಿದು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ದಿನಪತ್ರಿಕೆ. ಉದ್ದ ಪಟ್ಟಿ ಕತ್ತರಿಸಿ ಅಂಟಿಸಿ, ಸೆರಗಿನ ಅಗಲಕ್ಕೆ ಸರಿಮಾಡಿ, ಎಲ್ಲ ಗುರುತನ್ನೂ ಮೊದಲು ಕಾಗದದ ಮೇಲೆ ಹಾಕಿ. ಉಳಿದ ಚೂರುಪಾರನ್ನು ಎಲ್ಲ ಸಂದಿಗೂ ಕೂದಲೆಳೆಯಷ್ಟು ಹಂಚಿ. ಆಮೇಲೆ ಕಾಗದವನ್ನು ಸೆರಗಿನ ಪಕ್ಕ ಇಟ್ಟು ಪ್ರತಿ ಗುರುತಿಗೂ ಬಿಳಿ ಹತ್ತಿ ದಾರದ ಒಂದು ಸಡಿಲ ಹೊಲಿಗೆ ಹಾಕಿ.

ಸೀಮೆಸುಣ್ಣ, ಪೆನ್ಸಿಲು, ಬಾಲ್‌ಪೆನ್ನು ಬೇಡ. ಪಿನ್ನನ್ನೂ ರಾತ್ರಿಯಿಡೀ ಬಿಡಬೇಡಿ. ಮಳೆಗಾಲದಲ್ಲಿ ಅಗ್ಗದ ಪಿನ್ನು ತುಕ್ಕಿನ ಚುಕ್ಕೆ ಬಿಡುತ್ತದೆ, ರೇಷ್ಮೆಯ ಮೇಲಿನ ತುಕ್ಕು ಹೋಗಿದ್ದನ್ನು ನಾನು ಕಂಡಿಲ್ಲ.

ನಮ್ಮ ಬೀದಿಯಲ್ಲಿ ಕುಚ್ಚಿಗೆ ಕೂತಾಗ ಅರ್ಧ ಜನ ಕನ್ನಡ, ಅರ್ಧ ಜನ ತೆಲುಗು. ಜಗಳವಾಡುವುದು ಮಾತ್ರ ಎಲ್ಲರೂ ಇಂಚಿನಲ್ಲೇ.

## ಹಂತ 4: ದಾರ ಆರಿಸುವುದು

ಮೊದಲು ಎಷ್ಟು ಬೇಕು ಎಂಬ ಲೆಕ್ಕ. ಒಂದು ಕುಚ್ಚಿಗೆ ಬಟ್ಟೆಯೊಳಗಿಂದ 24 ಎಳೆ ಹಾಯಬೇಕು. ಎರಡೂ ಕಡೆ 3 ಇಂಚು ಇಳಿಬಿಟ್ಟರೆ ಪ್ರತಿ ಎಳೆ 6 ಇಂಚು. 24 ಎಳೆಗೆ 144 ಇಂಚು, 46 ಕುಚ್ಚಿಗೆ 6,624 ಇಂಚು, ಅಂದರೆ ಸುಮಾರು 168 ಮೀಟರ್. ತುಂಡುಮುರುಕು ಸೇರಿಸಿ 200 ಮೀಟರ್ ಎಂದಿಟ್ಟುಕೊಳ್ಳಿ. ರೀಲಿನ ಚೀಟಿ ಓದಿ, ಅರ್ಧ ಸೆರಗಾದ ಮೇಲೆ ಅದೇ ಬಣ್ಣ ಹುಡುಕಿಕೊಂಡು ಹೋದರೆ ಸಿಗುವುದು ಅದರ ತಂಗಿ, ಅದೇ ಅಲ್ಲ.

ಅಂಗಡಿಯಲ್ಲಿ 'ಸಿಲ್ಕ್ ಥ್ರೆಡ್' ಎಂದು ಕೊಡುವ ಹೊಳೆಯುವ ರೀಲು ಬಹಳ ಸಲ ರೇಷ್ಮೆಯಲ್ಲ, ರೇಯಾನ್. ಅದೇನೂ ಮೋಸವೆಂದು ನಾನು ಹೇಳುವುದಿಲ್ಲ, ಕುಚ್ಚಿಗೆ ಅದು ಚೆನ್ನಾಗಿಯೇ ಇಳಿಬೀಳುತ್ತದೆ. ಆದರೆ ಕೈಯಲ್ಲಿರುವುದು ಏನೆಂದು ಗೊತ್ತಿರಬೇಕು. ಎರಡಿಂಚು ದಾರವನ್ನು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಬೆಂಕಿಕಡ್ಡಿ ತೋರಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದ ಸುಟ್ಟಂತೆ ಉರಿದುಹೋಗುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಇಸ್ತ್ರಿ ಹತ್ತಿರ ತರುವಾಗ ಜೋಪಾನ.

ಹಾಗಾದರೆ ರೇಷ್ಮೆಗೆ ಹೆಸರಾದ ಶಿಡ್ಲಘಟ್ಟ ಪಕ್ಕದಲ್ಲೇ ಇದೆಯಲ್ಲ, ಅಸಲಿ ರೇಷ್ಮೆ ತಂದುಬಿಡೋಣ ಎಂಬ ಯೋಚನೆ ಈ ಕಡೆಯ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಗೂಡಿನಿಂದ ನೂಲು ತೆಗೆಯುವ ಒಂದು ಬಿಚ್ಚಾಣಿಕೆ ಮನೆಯಿಂದ ಪುಟ್ಟ ಲಡಿ (ನೂಲಿನ ಕಟ್ಟು) ತಂದೆ. ಕೆನೆ ಬಣ್ಣ, ಮುಟ್ಟಿದರೆ ಒಣಗಿದ ಹುಲ್ಲಿನಂತೆ ಸರಸರ. ಅದನ್ನೇ ಕಟ್ಟಿ ನೋಡಿದರೆ ಕುಚ್ಚು ಇಳಿಯಲೇ ಇಲ್ಲ, ಪೊರಕೆ ಕಡ್ಡಿಯ ಹಾಗೆ ನೆಟ್ಟಗೆ ನಿಂತಿತು. ತಪ್ಪು ಕೊಟ್ಟವರದ್ದಲ್ಲ. ಗೂಡಿನಿಂದ ಬಿಚ್ಚಿದ ಹಸಿ ನೂಲಿನ ಮೇಲೆ ಹುಳುವಿನ ಅಂಟು ಹಾಗೇ ಇರುತ್ತದೆ, ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಆ ಅಂಟೇ. ಸೋಪು ಸೋಡಾ ಹಾಕಿದ ಬಿಸಿನೀರಿನಲ್ಲಿ ಬೇಯಿಸಿ ಅಂಟು ತೆಗೆದು, ಬಣ್ಣ ಹಾಕಿದ ಮೇಲಷ್ಟೇ ಅದು ನಾವು ಕಾಣುವ ಮೆತ್ತನೆಯ ರೇಷ್ಮೆ. ಮನೆಯಲ್ಲಿ ನಾನೂ ಬೇಯಿಸಿದೆ, ಲಡಿ ಸಿಕ್ಕುಗಟ್ಟಿ ಬಿಡಿಸುವುದರಲ್ಲೇ ಎರಡು ಭಾನುವಾರ ಹೋಯಿತು. ನೀವು ಅಂಟು ತೆಗೆದು ಬಣ್ಣ ಹಾಕಿದ ನೂಲನ್ನೇ ಕೇಳಿ ಕೊಳ್ಳಿ, ಇಲ್ಲವೇ ರೇಯಾನ್‌ನಲ್ಲಿ ಸಮಾಧಾನಪಡಿ.

ಬಣ್ಣ ಬಿಡುವ ಪರೀಕ್ಷೆ ತಪ್ಪಿಸಲೇಬಾರದು. ದಾರದ ಚೂರನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯೊಳಗೆ ಮಡಿಸಿ ಇಸ್ತ್ರಿ ಒತ್ತಿ. ಬಟ್ಟೆಗೆ ಚೂರು ಬಣ್ಣ ಹತ್ತಿದರೂ ಆ ದಾರ ಬೇಡ. ಕೆಂಪು, ಮೆರೂನ್, ಕಡುಹಸಿರು ಇವು ನನಗೆ ಹೆಚ್ಚು ಕೈಕೊಟ್ಟಿವೆ. ಬೆವರಿದ ಸೊಂಟಕ್ಕೆ ಸೆರಗು ಸಿಕ್ಕಿಸಿದ ಮದುವೆ ಮನೆಯಲ್ಲಿ ಬಣ್ಣ ಬಿಟ್ಟರೆ ಸೀರೆಯೂ ಹೋಯಿತು, ರವಿಕೆಯೂ ಹೋಯಿತು.

## ಹಂತ 5: ಲಡಿ ಸುತ್ತುವುದು

ದಪ್ಪ ಸಣ್ಣ ಆಗುವುದು ಎಳೆಗಳನ್ನು ಕಣ್ಣಂದಾಜಿನಲ್ಲಿ ತೆಗೆಯುವುದರಿಂದ. ಎರಡು ಕುರ್ಚಿಗಳ ಬೆನ್ನನ್ನು 1 ಮೀಟರ್ ದೂರಕ್ಕೆ ಇಡಿ. ರೀಲಿನ ತುದಿ ಕಟ್ಟಿ 12 ಸುತ್ತು ಸುತ್ತಿ, ಬಾಯಲ್ಲಿ ಎಣಿಸುತ್ತಾ. ಎರಡು ಬಣ್ಣ ಬೇಕಾದರೆ 6 ಸುತ್ತು ಸೀರೆ ಬಣ್ಣ, 6 ಸುತ್ತು ಬಾರ್ಡರ್ ಬಣ್ಣ. ಒಂದು ಕುರ್ಚಿಯ ಬಳಿ ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ 2 ಮೀಟರ್ ಉದ್ದದ 12 ಎಳೆ ಕೈಗೆ ಬರುತ್ತವೆ.

ನಡುವೆ ಮಡಿಸಿದರೆ 1 ಮೀಟರ್, 24 ಎಳೆ. ಅದರಿಂದ 6 ಕುಚ್ಚು. 46 ಕುಚ್ಚಿಗೆ ಇಂಥ 8 ಲಡಿ. ಎಂಟನ್ನೂ ಒಮ್ಮೆಗೇ ಸುತ್ತಿ, ಒಂದೊಂದನ್ನೂ ಬೇರೆಬೇರೆ ಕಾಗದದಲ್ಲಿ ಸುರುಳಿ ಮಾಡಿಡಿ. ಫ್ಯಾನು ಆರಿಸಿ. ಅಂಗೈ ಒರಟಾಗಿದ್ದರೆ ಎಳೆ ಚುಂಗಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಬರಬೇಡಿ, ರೇಷ್ಮೆಗೆ ಎಣ್ಣೆಕಲೆ. ಸ್ವಲ್ಪ ಸಕ್ಕರೆ ಹಾಕಿ ಕೈ ಉಜ್ಜಿ ತೊಳೆದು, ಚೆನ್ನಾಗಿ ಒರೆಸಿಕೊಂಡರೆ ಸಾಕು.

## ಹಂತ 6: ಪೋಣಿಸುವುದು

12 ಎಳೆಯನ್ನು ಸೂಜಿಗಣ್ಣಿಗೆ ತೂರಿಸಲು ಎಂಜಲು ಹಚ್ಚಿ ಹೆಣಗಬೇಡಿ. ಗಟ್ಟಿ ಹತ್ತಿ ದಾರವನ್ನು ಮಧ್ಯಮ ಸೂಜಿಗೆ ಪೋಣಿಸಿ, ಎರಡೂ ತುದಿ ಸೇರಿಸಿ ಗಂಟು ಹಾಕಿ, ಮೂರಿಂಚಿನ ಕುಣಿಕೆ ಮಾಡಿ. ಲಡಿಯ ನಡುಭಾಗವನ್ನು ಈ ಕುಣಿಕೆಯಲ್ಲಿ ತೂಗುಹಾಕಿ. ಸೂಜಿ ತೆಳ್ಳಗಿದ್ದೂ 24 ಎಳೆ ಹಿಂದೆ ಬರುತ್ತವೆ.

ಸೂಜಿಯನ್ನು ಗುರುತಿನ ಬಳಿ, ಮಡಿಕೆಯೊಳಗೇ, ಹೆಮ್ಮಿಂಗ್ ಸಾಲಿಗಿಂತ ಚೂರು ಕೆಳಗೆ, ಹಿಂಬದಿಯಿಂದ ಮೇಲ್ಬದಿಗೆ ತನ್ನಿ. ಮೂರೂ ಪದರ ಸಿಗಬೇಕು. ಜರಿ ಇದ್ದ ಕಡೆ ಜರಿ ಎಳೆಯನ್ನು ಚುಚ್ಚದೆ ಎರಡು ಎಳೆಗಳ ನಡುವೆ ದಾರಿ ಹುಡುಕಿ. ಜರಿ ಅಂದರೆ ದಾರದ ಮೇಲೆ ಸುತ್ತಿದ ಚಪ್ಪಟೆ ತಗಡಿನೆಳೆ, ಸೂಜಿ ಸಿಕ್ಕಿದರೆ ಬಿಚ್ಚಿಕೊಂಡು ಮೇಲೇಳುತ್ತದೆ. ಮೆಲ್ಲಗೆ ಎಳೆಯಿರಿ. ಹಿಂಬದಿಯಲ್ಲಿ 3 ಇಂಚು ಉಳಿದಾಗ ನಿಲ್ಲಿಸಿ, ಮೇಲ್ಬದಿಯಲ್ಲೂ 3 ಇಂಚು ಅಳೆದು ಕತ್ತರಿಸಿ. ಸೂಜಿ ಉಳಿದ ಲಡಿಯೊಂದಿಗೆ ಮುಂದಿನ ಗುರುತಿಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಗುರುತುಗಳು: ಎಳೆಯುವಾಗ 'ಕಿರ್' ಎಂಬ ಸದ್ದು, ತೂತಿನ ಸುತ್ತ ನೇಯ್ಗೆ ಸರಿದು ಬೆಳಕು ಕಾಣುವುದು, ತೂತಿನಿಂದ ಅಡ್ಡಕ್ಕೆ ಒಂದು ಎಳೆ ಬಿಗಿದು ಗೆರೆ ಮೂಡುವುದು. ಯಾವುದು ಕಂಡರೂ ನಿಲ್ಲಿಸಿ, ಬಟ್ಟೆಗೆ 24 ಎಳೆ ಜಾಸ್ತಿಯಾಯಿತು. ಲಡಿಗೆ 8 ಎಳೆ ಮಾಡಿಕೊಂಡರೆ 16 ಹಾಯುತ್ತವೆ. ಕುಚ್ಚು ತೆಳ್ಳಗಾಗಲಿ, ಸೀರೆ ಉಳಿಯಲಿ. ಜಾರ್ಜೆಟ್‌ಗೆ ನಾನು ಶುರುವಿಗೇ 16 ಹಾಕುತ್ತೇನೆ.

ಎಲ್ಲ 46ನ್ನೂ ಪೋಣಿಸಿ ಮುಗಿಸಿ ಆಮೇಲೆ ಕಟ್ಟೋಣ ಎನ್ನಬೇಡಿ, ಜಾರಿ ಬೀಳುತ್ತವೆ. ಆರು ಪೋಣಿಸಿ ಆರು ಕಟ್ಟಿ.

## ಹಂತ 7: ಕುತ್ತಿಗೆ ಕಟ್ಟುವುದು

ಎರಡು ಸುತ್ತು ಸುತ್ತಿ ಎರಡು ಗಂಟು ಹಾಕಿ ಮೇಲೆ ಅಂಟು ಬಳಿಯುವುದು ಎಲ್ಲರೂ ಮಾಡುವ ಕೆಲಸ. ಜರಿ ದಾರ ನುಣುಪು, ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಅಂಟು ಒಣಗಿ ರೇಷ್ಮೆ ಮೇಲೆ ಕಪ್ಪು ಹೊಳಪು ಬಿಡುತ್ತದೆ. ಅಂಟಿಲ್ಲದೆ ನಿಲ್ಲುವ ಸುತ್ತು ಹೀಗೆ. ನಿಧಾನವಾಗಿ ಓದಿ, ಮೊದಲು ದಪ್ಪ ಹತ್ತಿ ದಾರದಲ್ಲಿ ಪೆನ್ಸಿಲಿನ ಮೇಲೆ ನಾಲ್ಕೈದು ಸಲ ಮಾಡಿ ನೋಡಿ.

ಹಿಂದೆ ಮುಂದೆ ಇಳಿದ ಎಳೆಗಳನ್ನು ಒಟ್ಟುಗೂಡಿಸಿ ಬಾಚಣಿಗೆ ಎಳೆಯಿರಿ. ಬಟ್ಟೆಯ ತುದಿಯಿಂದ ಕಾಲಿಂಚು ಕೆಳಗೆ ಎಡಗೈ ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯಿರಿ. 10 ಇಂಚು ಜರಿ ದಾರ ತೆಗೆದುಕೊಂಡು ಒಂದು ತುದಿಯಲ್ಲಿ ಕುಣಿಕೆ ಮಡಿಸಿ. ಕುಣಿಕೆಯ ಬಾಗು ಕೆಳಕ್ಕೆ, ಗಿಡ್ಡ ತುದಿ ಮೇಲಕ್ಕೆ ಬರುವಂತೆ ಕುಚ್ಚಿನ ಮೇಲೆ ಒರಗಿಸಿ, ಅದೇ ಹೆಬ್ಬೆರಳಲ್ಲಿ ಒತ್ತಿ. ಈಗ ಉದ್ದ ತುದಿಯನ್ನು ಕುಚ್ಚು, ಕುಣಿಕೆ ಎರಡನ್ನೂ ಸೇರಿಸಿ ಮೇಲಿನಿಂದ ಕೆಳಕ್ಕೆ 6 ಸುತ್ತು ಸುತ್ತಿ. ಸುತ್ತಿನ ಮೇಲೆ ಸುತ್ತು ಕೂರಬಾರದು, ಬಳೆ ಜೋಡಿಸಿದ ಹಾಗೆ ಪಕ್ಕಪಕ್ಕ. ಸುತ್ತು ಮುಗಿದಲ್ಲಿ ಕುಣಿಕೆಯ ಬಾಗು ಚೂರು ಇಣುಕುತ್ತಿರಬೇಕು. ಉದ್ದ ತುದಿಯನ್ನು ಅದರೊಳಗೆ ತೂರಿಸಿ, ಮೇಲಿನ ಗಿಡ್ಡ ತುದಿಯನ್ನು ಎಳೆಯಿರಿ. ಕುಣಿಕೆ ಉದ್ದ ತುದಿಯನ್ನು ಕಚ್ಚಿಕೊಂಡು ಸುತ್ತಿನಡಿಗೆ ಜಾರುತ್ತದೆ. ಸುತ್ತಿನ ನಡುವಿಗೆ ಬಂದಾಗ ಬೆರಳಿಗೆ ಒಂದು ತಡೆ ಸಿಗುತ್ತದೆ, ಅಲ್ಲೇ ನಿಲ್ಲಿಸಿ. ಇನ್ನೂ ಎಳೆದರೆ ಪೂರ್ತಿ ಹೊರಬಂದು ಎಲ್ಲ ಬಿಚ್ಚಿಹೋಗುತ್ತದೆ. ಎರಡೂ ತುದಿಗಳನ್ನು ಸುತ್ತಿಗೆ ಒತ್ತಿ ಕತ್ತರಿಸಿ.

ಆ ಕಾಲಿಂಚು ಯಾಕೆ? ಬಟ್ಟೆಗೆ ಅಂಟಿಸಿ ಬಿಗಿದರೆ ತುದಿ ಸುರುಟಿಕೊಂಡು ಸೆರಗು ಗಿಡ್ಡವಾಗುತ್ತದೆ. ಚೂರು ಬಿಟ್ಟರೆ ಎರಡೂ ಬದಿಯ ಎಳೆ ಇಳಿಜಾರಾಗಿ ಬಂದು ಕೂಡುತ್ತವೆ, ಕುಚ್ಚು ಓಲಾಡುತ್ತದೆ.

ಗಟ್ಟಿಯಾಯಿತೇ ಎಂದು ನೋಡಲು ನಾಲ್ಕು ಎಳೆ ಮಾತ್ರ ಹಿಡಿದು ಕೆಳಕ್ಕೆ ಜಗ್ಗಿ. ಜಾರಿದರೆ ಸುತ್ತು ಸಡಿಲ, ಬಿಚ್ಚಿ ಮತ್ತೆ ಕಟ್ಟಿ. ಮೊದಲ ಹತ್ತು ಕುಚ್ಚು ಹಾಳಾಗುತ್ತವೆ, ಅದಕ್ಕೇ ಅವನ್ನು ಹಳೆ ರವಿಕೆ ಬಟ್ಟೆಯ ಮೇಲೆ ಮುಗಿಸಿ ಬನ್ನಿ. ನನಗೆ ಈಗಲೂ ಕುಚ್ಚಿಗೆ 4 ನಿಮಿಷ, ಅಂದರೆ ಒಂದು ಸೆರಗಿಗೆ ಕೂತು ಮೂರು ಗಂಟೆ.

## ಹಂತ 8: ನೇರಮಾಡಿ ಸಮ ಕತ್ತರಿಸುವುದು

ಕಟ್ಟಿದ ಕೂಡಲೇ ಕತ್ತರಿಸಬಾರದು. ರೀಲಿನಿಂದ ಬಂದ ಎಳೆಯಲ್ಲಿ ಸುರುಳಿ ಉಳಿದಿರುತ್ತದೆ, ಆಮೇಲೆ ನೆಟ್ಟಗಾದಾಗ ಉದ್ದ ಬೇರೆಬೇರೆ. ಮೊದಲು ಕುಚ್ಚುಗಳನ್ನು ಬಾಚಿ, ಮೇಲೆ ಬಿಳಿ ಬಟ್ಟೆ ಹಾಸಿ, ಹದ ಬಿಸಿಯ ಇಸ್ತ್ರಿಯನ್ನು ಉಜ್ಜದೆ ಒತ್ತಿ ಎತ್ತಿ. ನೀರು ಚಿಮುಕಿಸಬೇಡಿ, ರೇಷ್ಮೆಗೆ ನೀರಿನ ಕಲೆ ಕೂರುತ್ತದೆ.

ಆರಿದ ಮೇಲೆ ಸೆರಗನ್ನು ಮೇಜಿನ ಮೇಲೆ ನೇರ ಹಾಸಿ. ಕುತ್ತಿಗೆಯಿಂದ ಎರಡೂವರೆ ಇಂಚಿಗೆ, ಕುಚ್ಚುಗಳಡಿ ಬಿಳಿ ಕಾಗದದ ಮೇಲೆ ಒಂದು ಗೆರೆ. ಗೆರೆ ಹಿಡಿದು ಒಂದೊಂದೇ ಕುಚ್ಚನ್ನು ಒಂದೇ ಸಲಕ್ಕೆ ಕತ್ತರಿಸಿ. ಚೂರು ಗಿಡ್ಡವಾದದ್ದಕ್ಕೆ ಸರಿಸಮ ಮಾಡಲು ಪಕ್ಕದ್ದನ್ನು, ಅದಕ್ಕೆ ಅದರ ಪಕ್ಕದ್ದನ್ನು ಕತ್ತರಿಸುತ್ತ ಹೋದವರ ಕುಚ್ಚು ಕೊನೆಗೆ ಒಂದಿಂಚು ಉಳಿದದ್ದುಂಟು. ಕತ್ತರಿ ಇಡಿ, ಒಂದು ಲೋಟ ಕಾಫಿ ಕುಡಿದು ಬಂದು ನೋಡಿ. ಉಟ್ಟಾಗ ಅಷ್ಟು ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಗುರುತಿನ ಬಿಳಿ ಹೊಲಿಗೆಗಳನ್ನು ಕೀಳುವುದು ಈಗ.

## ದಾರಿಯಲ್ಲಿ ಮಾಡಬಹುದಾದ್ದು, ಮಾಡಬಾರದ್ದು

ನನ್ನ ಅರ್ಧ ಕೆಲಸ ಆಗುವುದು ಓಡಾಟದಲ್ಲೇ. ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗಿನ ರೈಲು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಹಾದು ಹೋಗುತ್ತದೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಕುಚ್ಚಿಗೆ ಬೆಳಕು ಸಾಕು. ರೈಲಿನಲ್ಲಿ ಏಳನೇ ಹಂತ ಮಾತ್ರ. ಮನೆಯಲ್ಲೇ ಆರು ಪೋಣಿಸಿ, ಜಾರದಂತೆ ಸಡಿಲ ಹತ್ತಿ ದಾರ ಸುತ್ತಿ, 10 ಇಂಚಿನ ಜರಿ ತುಂಡುಗಳನ್ನು ಡಬ್ಬಿಗೆ ಹಾಕಿಕೊಂಡು ಹೊರಡುತ್ತೇನೆ. ಲಡಿ ಸುತ್ತುವುದು ಗಾಳಿಗೆ ಆಗದು. ಸಮ ಕತ್ತರಿಸುವುದಂತೂ ಕುಲುಕಾಟದಲ್ಲಿ ಬೇಡವೇ ಬೇಡ. ಬಸ್ಸಿನಲ್ಲಿ ಸೂಜಿಯನ್ನೇ ಹೊರತೆಗೆಯಬೇಡಿ. ಒಮ್ಮೆ ಹಂಪ್ ಹಾರಿದಾಗ ನನ್ನ ಬೆರಳಿಗೆ ಚುಚ್ಚಿ, ರಕ್ತದ ಹನಿ ಬಿದ್ದದ್ದು ತಿಳಿಹಳದಿ ಸೆರಗಿನ ಮೇಲೆ. ತಕ್ಷಣ ತಣ್ಣೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒತ್ತಿ ತೆಗೆದೆ, ನೀರಿನ ಕಲೆ ಉಳಿಯಿತು, ರಕ್ತದ್ದು ಹೋಯಿತು. ಬಿಸಿನೀರು ತಾಗಿಸಿದ್ದರೆ ಅದೂ ಹೋಗುತ್ತಿರಲಿಲ್ಲ.

## ಕಟ್ಟಿದ ಮೇಲೆ

ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಕುಚ್ಚಿರುವ ಸೀರೆಯನ್ನು ಹಿಂಡುವಾಗ ಸೆರಗನ್ನು ಹೊರಗಿಟ್ಟು ಹಿಂಡಿ, ಒದ್ದೆ ಕುಚ್ಚನ್ನು ಬಾಚಬೇಡಿ. ಡ್ರೈಕ್ಲೀನಿಂಗ್‌ಗೆ ಕೊಡುವ ಮುನ್ನ ಕುಚ್ಚುಗಳನ್ನು ಹಳೆ ಮಲ್ ಬಟ್ಟೆಯ ಚೀಲದೊಳಗೆ ತೂರಿಸಿ ಸಡಿಲ ಹೊಲಿಗೆ ಹಾಕಿ ಕೊಟ್ಟರೆ ಸಿಕ್ಕಾಗುವುದಿಲ್ಲ. ಬೀರುವಿನಲ್ಲಿ ಸೆರಗು ಒಳಗೆ ಬರುವಂತೆ ಮಡಿಸಿ, ಹ್ಯಾಂಗರ್‌ಗೆ ಕುಚ್ಚು ಸಿಕ್ಕಬಾರದು.

ಇನ್ನೊಂದು. ಮಿಕ್ಕ ದಾರದಲ್ಲಿ 12 ಎಳೆಯ ಒಂದು ಲಡಿ, ಒಂದಿಷ್ಟು ಜರಿ ತುಂಡು ಲಕೋಟೆಗೆ ಹಾಕಿ ಅದೇ ಸೀರೆಯ ಮಡಿಕೆಯಲ್ಲಿಡಿ. ಮದುವೆ ಮನೆಯಲ್ಲಿ ಸೆರಗು ಹಿಡಿದು ನೇತಾಡುವ ಮಗು ಯಾವಾಗಲೂ ಒಂದಿರುತ್ತದೆ, ಅದು ಕೀಳುವುದು ಮೂಲೆಯ ಕುಚ್ಚನ್ನೇ.